ಮಳೆ ಹಿಡಿದ ಟ್ರ್ಯಾಕ್‌ನಲ್ಲಿ ಯಾವ ಕುದುರೆ? ಪುಣೆ ಸೀಸನ್ ನೋಡುವ ಬೆಳಗಾವಿ, ಬಾಗಲಕೋಟೆ, ವಿಜಯಪುರದವರ ಚರ್ಚೆ

ಟಿಳಕವಾಡಿಯವ

ನಮ್ಮ ಕಡೆಯ ರೇಸ್ ಪ್ರಿಯರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿದರೆ ಆಯಿತು. ಆದರೆ ಪುಣೆ ಸೀಸನ್ ಪೂರ್ತಿ ಮಳೆಗಾಲದ್ದು. ಚಳಿಗಾಲದಲ್ಲಿ ಮುಂಬೈನ ಮಹಾಲಕ್ಷ್ಮಿ ರೇಸ್ ಕೋರ್ಸಿನಲ್ಲಿ ಓಡಿದ ಕುದುರೆಗಳೇ ಜುಲೈನಿಂದ ಅಕ್ಟೋಬರ್‌ವರೆಗೆ ಇಲ್ಲಿ ಓಡುತ್ತವೆ. ಒಣ ನೆಲದ ಫಾರ್ಮ್ (ಹಿಂದಿನ ಓಟಗಳ ದಾಖಲೆ) ಕೈಯಲ್ಲಿ ಹಿಡಿದು ಹಸಿ ನೆಲದ ರೇಸ್ ಓದಬೇಕು. ಇದು ನಿಜಕ್ಕೂ ಕಷ್ಟದ ಕೆಲಸ.

ಪ್ರತಿ ಮಳೆಗಾಲ ಒಂದೇ ಪ್ರಶ್ನೆ ಬರುತ್ತದೆ: ನಾಳೆ ಮಳೆ ಇದೆಯಂತೆ, ಹಸಿ ನೆಲದಲ್ಲಿ ಓಡುವ ಕುದುರೆ ಯಾವುದು? ಉತ್ತರವಾಗಿ ನಾಲ್ಕು ಹೆಸರು ಬರುತ್ತವೆ, ಅಲ್ಲಿಗೆ ಮಾತು ಮುಗಿಯುತ್ತದೆ. ನನಗೆ ಅದು ಸಾಲದು. ಕುದುರೆಯ ಹೆಸರಿಗೆ ಬರುವ ಮೊದಲು ನೆಲ ಯಾವ ಹದದಲ್ಲಿದೆ ಅಂತ ತಿಳಿಯಬೇಕು. ಮಳೆ ಬಿದ್ದ ನೆಲ ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ, ಅಲ್ವಾ?

ಒಂದು ವಾರ ಬಿಸಿಲು ಕಾದು, ರೇಸ್ ದಿನ ಮಧ್ಯಾಹ್ನ ಅರ್ಧ ಗಂಟೆ ಜೋರು ಮಳೆ ಬಂತು ಅಂದುಕೊಳ್ಳಿ. ಮೇಲಿನ ಹುಲ್ಲು ಮಾತ್ರ ನೆನೆಯುತ್ತದೆ, ಕೆಳಗೆ ನೆಲ ಗಟ್ಟಿ. ಇಲ್ಲಿ ಕಾಲು ಹೂತುಹೋಗುವುದಿಲ್ಲ, ಜಾರುತ್ತದೆ. ಟೈಮ್ ಅಷ್ಟೇನೂ ನಿಧಾನವಾಗುವುದಿಲ್ಲ. ಬೆಂಡ್‌ನಲ್ಲಿ ಕುದುರೆಗೆ ಧೈರ್ಯ ಬೇಕು. ಗುಂಪಿನೊಳಗೆ ಸಿಕ್ಕಿಕೊಂಡ ಕುದುರೆ ದಿಕ್ಕು ಬದಲಿಸಿ ಜಾಗ ಹುಡುಕುವಷ್ಟರಲ್ಲಿ ಮುಂದಿನದು ದೂರ ಹೋಗಿರುತ್ತದೆ. ಇಂಥ ದಿನ ಮುಂದೆ ನಿಂತು ಓಡುವ, ವೇಗದ ಕುದುರೆಯನ್ನು ನಾನು ಬಿಡುವುದಿಲ್ಲ.

ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದಿದ್ದರೆ ಕಥೆಯೇ ಬೇರೆ. ನೀರು ಬೇರಿನವರೆಗೆ ಇಳಿದಿರುತ್ತದೆ. ಪ್ರತಿ ಹೆಜ್ಜೆಯಲ್ಲೂ ಗೊರಸು ಹೂಳುತ್ತದೆ, ಅದನ್ನು ಮತ್ತೆ ಎಳೆದು ತೆಗೆಯಬೇಕು. 1200 ಮೀಟರ್ ಓಟಕ್ಕೆ 1400 ಮೀಟರ್ ಓಡುವಷ್ಟು ದಮ್ಮು ಬೇಕಾಗುತ್ತದೆ. ಒಣ ನೆಲದಲ್ಲಿ 1200 ಮೀಟರನ್ನು ಕಷ್ಟಪಟ್ಟು ಮುಗಿಸುವ ಕುದುರೆ ಇಲ್ಲಿ ಕೊನೆಯ 200 ಮೀಟರ್‌ನಲ್ಲಿ ನಿಂತೇಬಿಡುತ್ತದೆ.

ರೇಸ್ ದಿನ ಬೆಳಿಗ್ಗೆ ಪೆನೆಟ್ರೋಮೀಟರ್ ರೀಡಿಂಗ್ ಪ್ರಕಟವಾಗುತ್ತದೆ. ಒಂದು ಕೋಲಿನ ಮೇಲೆ ತೂಕ ಬೀಳಿಸಿ, ಕೋಲು ನೆಲದೊಳಗೆ ಎಷ್ಟು ಇಳಿಯಿತು ಅಂತ ಅಳೆಯುತ್ತಾರೆ. ಸಂಖ್ಯೆ ಜಾಸ್ತಿ ಇದ್ದಷ್ಟೂ ನೆಲ ಮೆತ್ತಗೆ. ಅದನ್ನು ತಪ್ಪದೆ ನೋಡಿ. ಆದರೆ ಅದು ಬೆಳಗಿನ ಲೆಕ್ಕ. ಮಧ್ಯಾಹ್ನ ಎರಡಕ್ಕೆ ಮೋಡ ಒಡೆದರೆ ಆ ಸಂಖ್ಯೆ ಹಳೆಯದಾಯಿತು.

ನಾನು ನಂಬುವುದು ಆ ದಿನದ ಮೊದಲ ಎರಡು ರೇಸ್. ದುಡ್ಡು ಹಾಕದೆ ನೋಡುತ್ತೇನೆ. ಜಾಕಿಗಳು ಸ್ಟ್ರೇಟ್‌ಗೆ (ಕೊನೆಯ ನೇರ ದಾರಿಗೆ) ಬಂದಾಗ ರೇಲ್ಸ್ (ಒಳಬದಿಯ ಬೇಲಿ) ಪಕ್ಕ ಉಳಿಯುತ್ತಾರಾ, ನಡುವೆ ಬರುತ್ತಾರಾ, ಹೊರಗೆ ಹೋಗುತ್ತಾರಾ? ಮೊದಲು ಬಂದವರ ನಡುವೆ ಅಂತರ ಎಷ್ಟು? ಹಿಂದಿನಿಂದ ಬಂದ ಕುದುರೆ ನಿಜವಾಗಿ ವೇಗ ಹೆಚ್ಚಿಸಿತಾ, ಅಥವಾ ಮುಂದಿನವು ಸುಸ್ತಾದವಾ? ಇಷ್ಟು ಗೊತ್ತಾದ ಮೇಲೆ ರೇಸ್‌ಬುಕ್ ತೆರೆಯುವುದು.

ನಿಮ್ಮ ಅನುಭವ ಹೇಳಿ. ವಾದ ಮಾಡುವುದಿದ್ದರೂ ಮಾಡಿ.

ಗುಮ್ಮಟನಗರಿ

ಸರ್, ಒಳ್ಳೆಯ ವಿಷಯ ತೆಗೆದಿರಿ. ವಿಜಯಪುರದಲ್ಲಿ ಮಳೆಯೇ ಅಪರೂಪ, ಆದರೆ ರೇಸ್ ನೋಡಲು ಮೊಬೈಲ್ ಸಾಕು.

ಟೈಮ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒಂದೇ ರೇಸ್‌ನ ಟೈಮ್ ನೋಡಿ ನೆಲ ನಿಧಾನ ಅಂತ ತೀರ್ಮಾನಿಸಬೇಡಿ. ಯಾರೂ ಮುಂದೆ ಹೋಗಲು ಒಪ್ಪದೆ ಮೊದಲ 600 ಮೀಟರ್ ನಡೆದುಕೊಂಡು ಹೋದಂತೆ ಹೋದರೆ, ಗಟ್ಟಿ ನೆಲದಲ್ಲೂ ಟೈಮ್ ಕೆಟ್ಟದಾಗಿ ಬರುತ್ತದೆ. ನಾನು ಬೇರೆ ಬೇರೆ ದೂರದ ಎರಡು ರೇಸ್ ತೆಗೆದುಕೊಂಡು, ಅದೇ ಕ್ಲಾಸ್‌ನ ಕುದುರೆಗಳು ಒಣ ನೆಲದಲ್ಲಿ ಮಾಮೂಲಾಗಿ ತೆಗೆದುಕೊಳ್ಳುವ ಟೈಮ್ ಪಕ್ಕ ಇಟ್ಟು ನೋಡುತ್ತೇನೆ. ಉದಾಹರಣೆಗೆ, 1 ನಿಮಿಷ 12 ಸೆಕೆಂಡ್ ಹತ್ತಿರ ಮುಗಿಯಬೇಕಾದ 1200 ಮೀಟರ್ ರೇಸ್ 1 ನಿಮಿಷ 15 ತೆಗೆದುಕೊಂಡರೆ, ನಂತರದ 1600 ಮೀಟರ್‌ನಲ್ಲೂ ಅದೇ ರೀತಿ ಟೈಮ್ ಹಿಗ್ಗಿದರೆ, ಆಗ ಅದು ನೆಲದ ಕೆಲಸ. ಒಂದು ಹಿಗ್ಗಿ ಇನ್ನೊಂದು ಹಿಗ್ಗದಿದ್ದರೆ ಓಟದ ರೀತಿಯ ಕೆಲಸ.

ಅಂತರವೂ ಮುಖ್ಯ. ಮೆತ್ತಗಿನ ನೆಲದಲ್ಲಿ ಕುದುರೆಗಳು ಉದ್ದಕ್ಕೆ ಚದುರಿ ಬರುತ್ತವೆ. ಹಾಗಾಗಿ ಹಸಿ ನೆಲದಲ್ಲಿ 6 ಲೆಂಗ್ತ್‌ನಿಂದ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಗೆದ್ದ ಕುದುರೆಯನ್ನು ಒಣ ನೆಲದಲ್ಲಿ 6 ಲೆಂಗ್ತ್‌ನಿಂದ ಗೆದ್ದ ಕುದುರೆಗೆ ಸಮ ಅಂತ ಎಣಿಸಬಾರದು. ಎರಡನೆಯದು ಬಹಳ ದೊಡ್ಡ ಗೆಲುವು.

ಆಸ್ಟ್ರೇಲಿಯಾದಲ್ಲಿ ಟ್ರ್ಯಾಕಿಗೆ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. 1, 2 ಗಟ್ಟಿ. 3, 4 ಚೆನ್ನ. 5ರಿಂದ 7 ಮೆತ್ತಗೆ. 8ರಿಂದ 10 ಭಾರಿ ಕೆಸರು. ಒಂದು ಕುದುರೆ 5ರಲ್ಲಿ ಗೆದ್ದು 9ರಲ್ಲಿ ಸೋಲುವುದು ಅಲ್ಲಿ ಮಾಮೂಲು. ‘ಹಸಿ ನೆಲ’ ಅಂತ ಒಂದೇ ಖಾನೆ ಮಾಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಾನು ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಕುದುರೆಯ ಹಳೆಯ ಓಟದ ಪಕ್ಕ ಆ ದಿನದ ಪೆನೆಟ್ರೋಮೀಟರ್ ಸಂಖ್ಯೆ ಬರೆದಿಡುತ್ತೇನೆ.

ಎರಿಹೊಲದ ಕಾಕಾ, ಬಾಗಲಕೋಟೆ

ನಾನು ರೇಸ್‌ನಲ್ಲಿ ಪಂಡಿತ ಅಲ್ಲ. ನೆಲ ಗೊತ್ತು. ತಮ್ಮಾ ಟಿಳಕವಾಡಿಯವರೇ, ನೀವು ಎರಡು ಥರ ಹೇಳಿದಿರಿ, ಮೂರನೆಯದು ಬಿಟ್ಟಿದ್ದೀರಿ. ಅದೇ ಎಲ್ಲಕ್ಕಿಂತ ಕೆಟ್ಟದ್ದು.

ನಮ್ಮ ಎರಿ ಭೂಮಿಯಲ್ಲಿ ಮಳೆ ಸುರಿಯುವಾಗ ನಡೆದರೆ ಕಾಲು ಹೂಳುತ್ತದೆ, ಆದರೆ ನೀರಿನ ಜೊತೆ ಹೊರಗೂ ಬರುತ್ತದೆ. ಮಳೆ ನಿಂತು ಒಂದೂವರೆ ದಿನ ಬಿಸಿಲು ಬಿದ್ದ ಮೇಲೆ ಹೋಗಿ ನೋಡಿ. ಮಣ್ಣು ಅಂಟಾಗಿರುತ್ತದೆ, ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ತೂಕ ಏರುತ್ತದೆ. ಎತ್ತುಗಳು ಸುಸ್ತಾಗುವುದು ಆ ಹದದಲ್ಲಿ. ಮಸಾರಿ ನೆಲದಲ್ಲಿ ಇದು ಇಲ್ಲ. ಅದು ನೀರು ಕುಡಿದು ಬಿಟ್ಟುಬಿಡುತ್ತದೆ, ಮಾರನೇ ದಿನ ನಡೆಯಬಹುದು.

ರೇಸ್ ಟ್ರ್ಯಾಕ್ ಹೊಲ ಅಲ್ಲ, ಅದನ್ನು ಕಟ್ಟಿರುತ್ತಾರೆ, ನೀರು ಬಸಿಯಲು ದಾರಿ ಮಾಡಿರುತ್ತಾರೆ, ಮೇಲೆ ಹುಲ್ಲು ಇರುತ್ತದೆ. ಅದು ಗೊತ್ತು. ಆದರೂ ಅಂಟು ಹದ ಅಲ್ಲಿಯೂ ಬಂದೇ ಬರುತ್ತದೆ. ಶನಿವಾರ ಮಳೆ, ರವಿವಾರ ಬಿಸಿಲು ಅಂದರೆ ಜನ ‘ಟ್ರ್ಯಾಕ್ ಒಣಗಿತು’ ಅಂತ ಖುಷಿ ಪಡುತ್ತಾರೆ. ನನ್ನ ಲೆಕ್ಕದಲ್ಲಿ ಕುದುರೆಗೆ ಅದೇ ಜಾಸ್ತಿ ಕಷ್ಟದ ದಿನ. ದಮ್ಮು ಇರುವ, ಉದ್ದ ದೂರ ಓಡಿ ರೂಢಿ ಇರುವ ಕುದುರೆ ಬೇಕು ಅಂದು.

ಇನ್ನೊಂದು. ಒಂದೇ ಹೊಲದಲ್ಲಿ ಬದುವಿನ ಪಕ್ಕ ನೀರು ನಿಂತಿರುತ್ತದೆ, ನಡುವೆ ಇರುವುದಿಲ್ಲ. ಟ್ರ್ಯಾಕ್‌ನಲ್ಲೂ ಇಳಿಜಾರು ಯಾವ ಕಡೆ ಇದೆ ನೋಡಬೇಕು. ತಗ್ಗಿನ ಪಟ್ಟಿ ಕೊನೆಗೆ ಒಣಗುತ್ತದೆ.

ಹಿಂಡಲಗಾದ ಗೆಳೆಯ

ನಾನು ಅಮೆರಿಕದ ರೇಸ್‌ಗಳನ್ನು ತುಂಬಾ ನೋಡುತ್ತೇನೆ. ಅಲ್ಲಿ ಕೆಸರು ಅಂದರೆ ಮುಂದೆ ಓಡುವ ಕುದುರೆ, ಅಷ್ಟೇ. 2015ರ ಪ್ರೀಕ್‌ನೆಸ್ ಅನ್ನುವ ದೊಡ್ಡ ರೇಸ್ ನೆನಪಿರಬೇಕು. ರೇಸ್‌ಗೆ ಸ್ವಲ್ಪ ಮೊದಲು ಆಕಾಶವೇ ಬಿದ್ದಂತೆ ಮಳೆ. ಅಮೆರಿಕನ್ ಫೇರೋ ಮುಂದೆ ಹೋಗಿ 7 ಲೆಂಗ್ತ್‌ನಿಂದ ಗೆದ್ದಿತು. 2018ರ ಕೆಂಟಕಿ ಡರ್ಬಿ ನೀರು ತುಂಬಿದ ಟ್ರ್ಯಾಕ್‌ನಲ್ಲಿ ನಡೆಯಿತು, ಜಸ್ಟಿಫೈ ಮುಂಚೂಣಿಯಲ್ಲೇ ಇದ್ದು ಗೆದ್ದಿತು. ಕಾರಣವೂ ಸರಳ. ಹಿಂದೆ ಓಡುವ ಕುದುರೆಯ ಮುಖಕ್ಕೆ ಕೆಸರು ಬಡಿಯುತ್ತದೆ. ಕಣ್ಣು, ಮೂಗು ಎಲ್ಲ ಕೆಸರು. ಎಷ್ಟೋ ಕುದುರೆಗಳು ಅಲ್ಲೇ ಮನಸ್ಸು ಬಿಡುತ್ತವೆ. ಜಾಕಿಗಳು ಮೂರು ನಾಲ್ಕು ಗಾಗಲ್ ಒಂದರ ಮೇಲೊಂದು ಹಾಕಿಕೊಂಡು, ಕೊಳೆಯಾದ ಹಾಗೆ ಒಂದೊಂದನ್ನೇ ಕೆಳಗೆ ಎಳೆಯುತ್ತಾರೆ. ಪುಣೆಯಲ್ಲೂ ಇದೇ ಸೂತ್ರ ಯಾಕೆ ಹಿಡಿಯಬಾರದು?

ಟಿಳಕವಾಡಿಯವ

ಗೆಳೆಯರೇ, ಆ ಎರಡೂ ರೇಸ್ ಮಣ್ಣಿನ ಟ್ರ್ಯಾಕ್‌ನವು. ನಮ್ಮ ಪುಣೆ, ಮೈಸೂರು, ಹೈದರಾಬಾದ್ ಎಲ್ಲ ಹುಲ್ಲಿನವು. ಮಣ್ಣಿನ ಟ್ರ್ಯಾಕ್ ಮೇಲೆ ಮಳೆಗೆ ಮೊದಲು ಭಾರ ಎಳೆದು ಗಟ್ಟಿ ಮಾಡುತ್ತಾರೆ, ನೀರು ಒಳಗೆ ಇಳಿಯದೆ ಮೇಲೆ ಹರಿದು ಹೋಗಲಿ ಅಂತ. ಕೆಳಗೆ ಗಟ್ಟಿ ತಳ, ಮೇಲೆ ತೆಳು ನೀರು. ವೇಗದ ಕುದುರೆಗೆ ಅದು ಅನುಕೂಲ. ಹುಲ್ಲಿನಲ್ಲಿ ಹಾಗೆ ಮಾಡಲು ಬರುವುದಿಲ್ಲ, ನೀರು ಒಳಗೇ ಇಳಿಯಬೇಕು. ಆದ್ದರಿಂದ ನೆನೆದ ಹುಲ್ಲಿನಲ್ಲಿ ತಾನೇ ಗಾಳಿ ಸೀಳಿಕೊಂಡು ಜೋರಾಗಿ ಮುಂದೆ ಹೋದ ಕುದುರೆ ಕೊನೆಗೆ ಬೆಲೆ ಕೊಡುತ್ತದೆ.

ಅಮೆರಿಕದಲ್ಲೇ ನಿಮ್ಮ ಸೂತ್ರ ಮುರಿದದ್ದೂ ಇದೆ. 2009ರ ಕೆಂಟಕಿ ಡರ್ಬಿ. ಕೆಸರು ಟ್ರ್ಯಾಕ್, 50ಕ್ಕೆ 1ರ ದರದ ಮೈನ್ ದಟ್ ಬರ್ಡ್. ಶುರುವಿನಲ್ಲಿ ಎಲ್ಲರಿಗಿಂತ ಹಿಂದೆ. ಜಾಕಿ ಕ್ಯಾಲ್ವಿನ್ ಬೊರೆಲ್ ರೇಲ್ಸ್‌ಗೆ ಅಂಟಿಕೊಂಡೇ ಬಂದು ಎಲ್ಲರನ್ನೂ ದಾಟಿಸಿ 6 ಮುಕ್ಕಾಲು ಲೆಂಗ್ತ್‌ನಿಂದ ಗೆದ್ದರು. ಆ ಓಟದಲ್ಲಿ ನನಗೆ ಕಾಣುವುದು ಜಾಕಿ ಹಿಡಿದ ಪಟ್ಟಿ. ಕಾಕಾ ಹೇಳಿದ ಮಾತಿಗೆ ಇದು ಹತ್ತಿರ.

ಕಾಕಾ, ಅಂಟು ಹದದ ಮಾತು ಪೂರ್ತಿ ಒಪ್ಪುತ್ತೇನೆ. ಅದನ್ನು ಸೇರಿಸಿದ್ದಕ್ಕೆ ಧನ್ಯವಾದ.

ರೇಲ್ಸ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಒಳಗಿನ ಪಟ್ಟಿಯಲ್ಲೇ ಓಡಿದರೆ ದೂರ ಕಡಿಮೆ, ಆದ್ದರಿಂದ ಸೀಸನ್ ಪೂರ್ತಿ ಜಾಸ್ತಿ ತುಳಿತ ಅಲ್ಲಿಗೇ. ಹುಲ್ಲು ಸವೆದಿರುತ್ತದೆ. ಮಳೆ ಬಿದ್ದಾಗ ಮೊದಲು ಕೆಡುವುದೂ ಅದೇ. ಅದಕ್ಕೆ ಕ್ಲಬ್‌ನವರು ಫಾಲ್ಸ್ ರೇಲ್ (ತಾತ್ಕಾಲಿಕ ಬೇಲಿ) ಹಾಕಿ ಕುದುರೆಗಳನ್ನು ಹೊರಗಿನ ಹೊಸ ಹುಲ್ಲಿಗೆ ತಳ್ಳುತ್ತಾರೆ. ಫಾಲ್ಸ್ ರೇಲ್ ಹಾಕಿದ ಮೊದಲ ದಿನ ಒಳಗಿನ ಪಟ್ಟಿಯೇ ತಾಜಾ. ಅದೇ ರೇಲ್ ತೆಗೆದು ಹಳೆಯ ಜಾಗಕ್ಕೆ ಮರಳಿದ ದಿನ, ಒಳಗಿನ ಹುಲ್ಲು ವಿಶ್ರಾಂತಿ ಪಡೆದು ಬೆಳೆದಿದ್ದರೆ ಚೆನ್ನ, ಇಲ್ಲದಿದ್ದರೆ ಒಂದನೇ ಗೇಟ್ (ಎಲ್ಲಕ್ಕಿಂತ ಒಳಗಿನಿಂದ ಹೊರಡುವ ಜಾಗ) ಸಿಕ್ಕಿದ್ದು ಭಾರವೇ. ಪುಣೆ ಬಲಗೈ ಟ್ರ್ಯಾಕ್, ಬಲಕ್ಕೆ ತಿರುಗುತ್ತಾ ಓಡುತ್ತಾರೆ. ಡ್ರಾ (ಯಾವ ಕುದುರೆಗೆ ಯಾವ ಗೇಟ್) ನೋಡುವಾಗ ಇದು ತಲೆಯಲ್ಲಿರಲಿ.

ಕೋಲ್ಕತ್ತಾದಲ್ಲಿ ಮಳೆಗಾಲಕ್ಕೆ ಬೇರೆ ಟ್ರ್ಯಾಕೇ ಇದೆ, ಚಳಿಗಾಲದ ದೊಡ್ಡ ರೇಸ್‌ಗಳ ಟ್ರ್ಯಾಕ್ ಕೆಡದಿರಲಿ ಅಂತ. ಅಲ್ಲಿನ ಮಳೆಗಾಲದ ಫಾರ್ಮನ್ನು ಚಳಿಗಾಲಕ್ಕೆ ಹೊತ್ತುಕೊಂಡು ಹೋಗುವಾಗ ಇನ್ನೂ ಜಾಗ್ರತೆ ಬೇಕು.

ಲಾಳದ ಕೆಲಸದವ, ಜಮಖಂಡಿ

ನಮ್ಮ ಮನೆತನದ ಕೆಲಸ ಲಾಳ ಕಟ್ಟುವುದು. ಗಾಡಿ ಕುದುರೆಗಳ ಜೊತೆ ರೇಸ್ ಕುದುರೆಗಳ ಕಾಲನ್ನೂ ಹತ್ತಿರದಿಂದ ನೋಡಿದ್ದೇನೆ. ನೀವೆಲ್ಲ ನೆಲದ ಬಗ್ಗೆ ಹೇಳಿದಿರಿ, ನಾನು ಕಾಲಿನ ಬಗ್ಗೆ ಹೇಳುತ್ತೇನೆ.

ಪ್ಯಾಡಾಕ್‌ನಲ್ಲಿ (ರೇಸ್‌ಗೆ ಮೊದಲು ಕುದುರೆ ತೋರಿಸುವ ಅಂಗಳ) ಕುದುರೆ ನಡೆಯುವಾಗ ಮುಖ ನೋಡುವವರೇ ಜಾಸ್ತಿ. ಮಳೆ ದಿನ ಕಾಲು ನೋಡಿ. ಅಗಲವಾದ, ದುಂಡನೆಯ ಗೊರಸು ಮೆತ್ತಗಿನ ನೆಲದಲ್ಲಿ ಕಡಿಮೆ ಹೂಳುತ್ತದೆ. ಚಿಕ್ಕ, ನೇರ, ಕಿರಿದಾದ ಗೊರಸು ಮೊಳೆ ಹೊಡೆದಂತೆ ಇಳಿಯುತ್ತದೆ. ಇದು ಶಾಸನ ಅಲ್ಲ, ಆದರೆ ಎರಡು ಕುದುರೆ ಸಮ ಇದ್ದಾಗ ನಾನು ಅಗಲ ಗೊರಸಿನ ಕಡೆ ವಾಲುತ್ತೇನೆ.

ಅದಕ್ಕಿಂತ ಮುಖ್ಯ ಓಟದ ರೀತಿ. ಕೆಲವು ಕುದುರೆ ಮೊಣಕಾಲು ಮೇಲೆತ್ತಿ, ಕಾಲನ್ನು ಸುತ್ತಿ ನೆಲಕ್ಕೆ ಇಡುತ್ತವೆ. ಒಣ ನೆಲದಲ್ಲಿ ಇದು ಶಕ್ತಿ ಹಾಳು ಅನ್ನಿಸುತ್ತದೆ. ಕೆಸರಿನಲ್ಲಿ ಇದೇ ಲಾಭ, ಯಾಕೆಂದರೆ ಅವು ಕಾಲನ್ನು ನೇರವಾಗಿ ಮೇಲೆತ್ತಿ ತೆಗೆಯುತ್ತವೆ. ಇನ್ನು ಕೆಲವು ಹುಲ್ಲಿನ ತುದಿ ಸವರಿಕೊಂಡು ಹೋಗುವಂತೆ, ಕಾಲು ನೆಲಕ್ಕೆ ಸಮವಾಗಿ ಚಾಚಿ ಓಡುತ್ತವೆ. ನೋಡಲು ಚೆಂದ. ಗಟ್ಟಿ ನೆಲದಲ್ಲಿ ಅವುಗಳನ್ನು ಹಿಡಿಯಲು ಆಗುವುದಿಲ್ಲ. ಮೆತ್ತಗಿನ ನೆಲದಲ್ಲಿ ಅವುಗಳ ಕಾಲು ಮುಂದೆ ಚಾಚುವಷ್ಟರಲ್ಲಿ ಹಿಡಿತ ತಪ್ಪುತ್ತದೆ. ಪ್ಯಾಡಾಕ್‌ನಲ್ಲಿ ಇದು ಕಾಣುವುದಿಲ್ಲ. ಗೇಟ್ ಕಡೆಗೆ ಕ್ಯಾಂಟರ್ (ನಿಧಾನ ಓಟ) ಹೋಗುವಾಗ ನೋಡಬೇಕು. ಅಲ್ಲೇ ಇನ್ನೊಂದು ತಿಳಿಯುತ್ತದೆ: ಕುದುರೆ ಆ ನೆಲದ ಮೇಲೆ ನಂಬಿಕೆಯಿಂದ ಕಾಲಿಡುತ್ತಿದೆಯಾ? ಹೆಜ್ಜೆ ಚಿಕ್ಕದು ಮಾಡಿ, ತಲೆ ಮೇಲೆತ್ತಿ, ಕಿವಿ ಹಿಂದೆ ಒತ್ತಿಕೊಂಡು ಹೋಗುವ ಕುದುರೆಗೆ ಆ ನೆಲ ಬೇಡವಾಗಿದೆ.

ಒಣ ದಿನ ಬೆವರು ನೋಡಿ ಕುದುರೆಯ ಗಾಬರಿ ತಿಳಿಯಬಹುದು. ಮಳೆಯಲ್ಲಿ ಮೈಯೆಲ್ಲ ಒದ್ದೆ, ಬೆವರು ಗೊತ್ತಾಗುವುದಿಲ್ಲ. ಬಾಲ ನೋಡಿ. ಬಾಲವನ್ನು ಹಿಂಭಾಗಕ್ಕೆ ಒತ್ತಿ ಹಿಡಿದಿದ್ದರೆ ಅದಕ್ಕೆ ಮಳೆ, ಗಾಳಿ ಸಹಿಸಲು ಆಗುತ್ತಿಲ್ಲ ಅಂತ ನಾನು ತಿಳಿಯುತ್ತೇನೆ.

ಮುಖಕ್ಕೆ ಬ್ಲಿಂಕರ್ (ಪಕ್ಕದ ನೋಟ ಮರೆಮಾಡುವ ಬಟ್ಟಲು) ಹಾಕಿದ ಕುದುರೆ ಹಿಂದೆ ಓಡುವುದಾದರೆ ಕೆಸರು ಬ್ಲಿಂಕರ್ ಬಟ್ಟಲಿನಲ್ಲಿ ತುಂಬಿಕೊಳ್ಳಬಹುದು. ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿದ್ದರೆ ಅದು ನೀರು ಕುಡಿದು ಭಾರವಾಗುತ್ತದೆ. ಅನುಭವ ಇರುವ ಟ್ರೈನರ್‌ಗಳು ಮಳೆ ದಿನ ಬಾಲವನ್ನೂ ಗಂಟು ಹಾಕಿಸುತ್ತಾರೆ. ಇವೆಲ್ಲ ಸಣ್ಣ ವಿಷಯ. ಆದರೆ ಕುದುರೆಯ ಹಿಂದೆ ಇರುವವರು ಮಳೆಗೆ ತಯಾರಾಗಿ ಬಂದಿದ್ದಾರೆ ಅಂತ ಇದರಿಂದ ಗೊತ್ತಾಗುತ್ತದೆ.

ಮಲಪ್ರಭಾ ದಂಡೆ

ಅಣ್ಣಾ, ನಾನು ಹೊಸಬ. ಎರಡು ಪ್ರಶ್ನೆ. ಹಸಿ ನೆಲದಲ್ಲಿ ಒಮ್ಮೆಯೂ ಓಡದ ಕುದುರೆಯನ್ನು ಹೇಗೆ ಅಳೆಯುವುದು? ಜಾಸ್ತಿ ಭಾರ ಹೊತ್ತ ಕುದುರೆಯನ್ನು ಮಳೆ ದಿನ ಬಿಟ್ಟೇಬಿಡಬೇಕಾ? ಇನ್ನೊಂದು, ಬೆಳಗಿನ ಗ್ಯಾಲಪ್ ಒದ್ದೆ ಮರಳಿನಲ್ಲಿ ಚೆನ್ನಾಗಿ ಮಾಡಿದೆ ಅಂತ ಪತ್ರಿಕೆಯಲ್ಲಿ ಬರುತ್ತದಲ್ಲ, ಅದು ಲೆಕ್ಕಕ್ಕೆ ಬರುತ್ತದಾ?

ಗುಮ್ಮಟನಗರಿ

ಕೊನೆಯದಕ್ಕೆ ಮೊದಲು. ಒದ್ದೆ ಮರಳು ಗಟ್ಟಿಯಾಗುತ್ತದೆ, ಒದ್ದೆ ಹುಲ್ಲು ಮೆತ್ತಗಾಗುತ್ತದೆ. ಒಂದರಿಂದ ಇನ್ನೊಂದನ್ನು ಹೇಳಲು ಬರುವುದಿಲ್ಲ. ಆ ಗ್ಯಾಲಪ್‌ನಿಂದ ಕುದುರೆ ಫಿಟ್ ಇದೆಯಾ ಅಂತ ಮಾತ್ರ ತಿಳಿಯಿರಿ.

ಓಡದ ಕುದುರೆಗೆ ತಂದೆ, ತಾಯಿಯ ಕಡೆ ನೋಡಬೇಕು. ಜರ್ಮನಿಯ ಮೊನ್ಸೂನ್ ಅನ್ನುವ ಗಂಡು ಕುದುರೆಯ ಸಂತತಿ ಮೆತ್ತಗಿನ ನೆಲಕ್ಕೆ ಹೆಸರಾಗಿತ್ತು. ನಮ್ಮ ದೇಶದ ಸ್ಟಡ್ ಫಾರ್ಮ್‌ಗಳಲ್ಲಿ ಇರುವ ಗಂಡು ಕುದುರೆಗಳಲ್ಲಿ ಹೊರದೇಶದಿಂದ ಬಂದವು ಬಹಳ. ಅವು ತಾವೇ ಎಂಥ ನೆಲದಲ್ಲಿ ಗೆದ್ದಿವೆ ಅಂತ ಹುಡುಕಿದರೆ ಸಿಗುತ್ತದೆ. ಯುರೋಪಿನ ಮೆತ್ತಗಿನ ಹುಲ್ಲಿನಲ್ಲಿ ಗೆದ್ದದ್ದರ ಮಗುವಿಗೂ, ಅಮೆರಿಕದ ಮಣ್ಣಿನ ಮೇಲೆ 1200 ಮೀಟರ್ ಗೆದ್ದದ್ದರ ಮಗುವಿಗೂ ನಾನು ಒಂದೇ ಬೆಲೆ ಕೊಡುವುದಿಲ್ಲ. ಆದರೆ ನನಗೆ ವಂಶಕ್ಕಿಂತ ಅದೇ ತಾಯಿಯ ಬೇರೆ ಮರಿಗಳು ಪುಣೆ ಮಳೆಯಲ್ಲಿ ಹೇಗೆ ಓಡಿದವು ಅನ್ನುವುದು ಜಾಸ್ತಿ ಉಪಯೋಗಕ್ಕೆ ಬಂದಿದೆ.

ಭಾರದ ಬಗ್ಗೆ: ಪೂರ್ತಿ ನೆನೆದ ನೆಲ, ಉದ್ದ ದೂರ, ಎರಡೂ ಸೇರಿದರೆ ಭಾರ ಕಾಡುತ್ತದೆ ಅಂತ ನನ್ನ ಅಭಿಪ್ರಾಯ. 1000, 1200 ಮೀಟರ್‌ನಲ್ಲಿ ಅಷ್ಟಿಲ್ಲ. ಪುಣೆಯಲ್ಲಿ ನಡೆಯುವ ಇಂಡಿಯನ್ ಸೇಂಟ್ ಲೆಜರ್ 2800 ಮೀಟರ್. ಅಂಥ ದೂರಕ್ಕೆ ಮಳೆ ಸೇರಿದರೆ ದಮ್ಮಿನ ಪರೀಕ್ಷೆ ಎರಡು ಪಟ್ಟು. ಹೊಸ ಜಾಕಿಗಳಿಗೆ ತೂಕದಲ್ಲಿ ರಿಯಾಯಿತಿ ಸಿಗುತ್ತದೆ. ಒಣ ದಿನ ಆ ಕಿಲೋ ಲಾಭವನ್ನು ನಾನು ಎಣಿಸುತ್ತೇನೆ. ಮಳೆ ದಿನ ಒಳ್ಳೆಯ ಪಟ್ಟಿ ಹುಡುಕಿಕೊಳ್ಳುವ ಹಿರಿಯ ಜಾಕಿಯೇ ಮೇಲು.

ಹಿಂಡಲಗಾದ ಗೆಳೆಯ

ಮಣ್ಣು, ಹುಲ್ಲಿನ ವ್ಯತ್ಯಾಸ ಒಪ್ಪಿದೆ. ಹಾಗಾದರೆ ಹುಲ್ಲಿನದ್ದೇ ಕೇಳುತ್ತೇನೆ. ನಿಜವಾದ ದೊಡ್ಡ ಕುದುರೆ ಯಾವ ನೆಲದಲ್ಲಾದರೂ ಗೆಲ್ಲುತ್ತದೆ ಅಂತ ನನ್ನ ವಾದ. ಫ್ರಾಂಕೆಲ್ ತನ್ನ ಕೊನೆಯ ರೇಸ್ 2012ರ ಅಕ್ಟೋಬರ್‌ನಲ್ಲಿ ಆಸ್ಕಟ್‌ನಲ್ಲಿ ಮೆತ್ತಗಿನ ನೆಲದಲ್ಲಿ ಓಡಿ ಗೆದ್ದಿತು. ಅದೂ ಮೆತ್ತಗಿನ ನೆಲದಲ್ಲೇ ಹೆಸರು ಮಾಡಿದ್ದ ಸಿರಸ್ ದೆಜೇಗ್ಲ್ ಅನ್ನು ಸೋಲಿಸಿ.

ಟಿಳಕವಾಡಿಯವ

ಗೆದ್ದಿತು, ಆದರೆ ಅಂತರ ನೋಡಿ. ಅದೇ ವರ್ಷ ಆಗಸ್ಟ್‌ನಲ್ಲಿ ಯಾರ್ಕ್‌ನ ಗಟ್ಟಿ ನೆಲದಲ್ಲಿ 7 ಲೆಂಗ್ತ್. ಆಸ್ಕಟ್‌ನಲ್ಲಿ ಒಂದೂ ಮುಕ್ಕಾಲು. ಶುರುವಿನಲ್ಲಿ ನಿಧಾನವಾಗಿ ಹೊರಟದ್ದೂ ಒಂದು ಕಾರಣ ಇರಬಹುದು. ಆದರೂ ಎದುರಾಳಿ ತನಗೆ ಬೇಕಾದ ನೆಲದಲ್ಲಿ ಎಷ್ಟು ಹತ್ತಿರ ಬಂತು ಅಂತ ಗಮನಿಸಿ. 2019ರ ಆರ್ಕ್‌ನಲ್ಲಿ (ಪ್ಯಾರಿಸ್‌ನ ದೊಡ್ಡ ರೇಸ್) ಎನೇಬಲ್ ಮೂರನೇ ಗೆಲುವಿಗೆ ಓಡಿತು. ನೆಲ ತುಂಬಾ ಮೆತ್ತಗಿತ್ತು. ಸ್ಟ್ರೇಟ್‌ನಲ್ಲಿ ಮುಂದೆ ಬಂದು, ಕೊನೆಗೆ ವಾಲ್ಡ್‌ಗೈಸ್ಟ್ ಅದನ್ನು ದಾಟಿತು. ದೊಡ್ಡ ಕುದುರೆಯ ಮೇಲುಗೈ ಎಷ್ಟು ಅನ್ನುವುದು ಪ್ರಶ್ನೆ. 5 ಲೆಂಗ್ತ್ ಮೇಲಿದ್ದರೆ ನೆಲ ಅದನ್ನು ಸೋಲಿಸುವುದಿಲ್ಲ. ನಮ್ಮ ಹ್ಯಾಂಡಿಕ್ಯಾಪ್ ರೇಸ್‌ಗಳಲ್ಲಿ ಭಾರ ಕೊಟ್ಟು ಎಲ್ಲರನ್ನೂ ಸಮಕ್ಕೆ ತಂದಿರುತ್ತಾರಲ್ಲ, ಅಲ್ಲಿ ಒಂದು ಲೆಂಗ್ತ್ ವ್ಯತ್ಯಾಸವೂ ನೆಲದಿಂದಲೇ ಬರುತ್ತದೆ. ಆದ್ದರಿಂದ ಹಾಗೆ ಸಮಕ್ಕೆ ತರದ ಟರ್ಮ್ಸ್ ರೇಸ್‌ನಲ್ಲಿ ಕ್ಲಾಸ್ (ಕುದುರೆಯ ದರ್ಜೆ) ನಂಬಿ, ಹ್ಯಾಂಡಿಕ್ಯಾಪ್‌ನಲ್ಲಿ ನೆಲ ನಂಬಿ.

ಲೆಕ್ಕದ ಅಕ್ಕ, ಗೋಕಾಕ

ನಾನು ತೆರಿಗೆ ಲೆಕ್ಕ ಬರೆಯುವವಳು. ನೀವು ಯಾರೂ ದುಡ್ಡಿನ ಮಾತು ಆಡಲಿಲ್ಲ, ಆದ್ದರಿಂದ ಹೇಳುತ್ತೇನೆ.

ಕುದುರೆ ರೇಸ್ ಬರೀ ಅದೃಷ್ಟದ ಆಟವಲ್ಲ, ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರಿ. ಆದರೆ ಹಾಕುವ ಪೂರ್ತಿ ಹಣದ ಮೇಲೆ ಜಿಎಸ್‌ಟಿ ಇದೆ. 2023ರ ಅಕ್ಟೋಬರ್‌ನಿಂದ 28 ಪ್ರತಿಶತ ಇತ್ತು, 2025ರ ಸೆಪ್ಟೆಂಬರ್ 22ರಿಂದ 40. ಗೆದ್ದ ಹಣ 10,000 ರೂಪಾಯಿ ದಾಟಿದರೆ 30 ಪ್ರತಿಶತ ಟಿಡಿಎಸ್. ಅಂದರೆ ಓಟ ಶುರುವಾಗುವ ಮೊದಲೇ ನೀವು ಬಹಳ ಹಿಂದೆ ನಿಂತಿರುತ್ತೀರಿ. ಇಂಥ ಲೆಕ್ಕದಲ್ಲಿ ನೆಲ ತಿಳಿಯದ ದಿನ ಟನಾಲಾ (ಮೊದಲ ಮೂರು ಸ್ಥಾನ ಹೇಳುವ ಬಾಜಿ), ಜಾಕ್‌ಪಾಟ್ (ಹಲವು ರೇಸ್‌ಗಳ ವಿಜೇತರನ್ನು ಹೇಳುವ ಬಾಜಿ) ಹಾಕುವುದು ಕುದುರೆ ಬಾಲಕ್ಕೆ ದುಡ್ಡು ಕಟ್ಟಿದಂತೆ. ಮೊದಲ ಮೂರು ಸ್ಥಾನ ಸರಿಯಾಗಿ ಹೇಳುವುದು ಒಣ ದಿನವೇ ಕಷ್ಟ. ಕೆಸರಿನಲ್ಲಿ ಮೂರನೆಯ ಸ್ಥಾನಕ್ಕೆ ಯಾರು ಬರುತ್ತಾರೆ ಅನ್ನುವುದು ಯಾರು ಜಾರಲಿಲ್ಲ ಅನ್ನುವುದರ ಮೇಲೆ ನಿಂತಿರುತ್ತದೆ.

2001ರ ಗ್ರ್ಯಾಂಡ್ ನ್ಯಾಷನಲ್ ಬೇಲಿ ಹಾರುವ ರೇಸ್, ನಮ್ಮದಲ್ಲ. ಆದರೂ ನೆನಪಿಡಿ: ಕೆಸರಿನಲ್ಲಿ 40 ಕುದುರೆ ಹೊರಟು 4 ಮಾತ್ರ ಗುರಿ ಮುಟ್ಟಿದವು.

ತಮ್ಮ ಮಲಪ್ರಭಾ, ಹೊಸಬ ಅಂದಿರಿ. ಈ ಸೀಸನ್ ಪೇಪರ್ ಮೇಲೆ ಮಾತ್ರ ಆರಿಸಿ. ಮನೆ ಖರ್ಚಿನ ಹಣ ಮುಟ್ಟಬೇಡಿ.

ಎರಿಹೊಲದ ಕಾಕಾ, ಬಾಗಲಕೋಟೆ

ಅಕ್ಕನ ಮಾತು ಸರಿ.

ನಮ್ಮ ಕಡೆ ಕಾರಹುಣ್ಣಿಮೆಗೆ ಕರಿ ಹರಿಯುತ್ತಾರಲ್ಲ. ಬಿಳಿ ಎತ್ತು ಮುಂದೆ ಬಂತಾ, ಕೆಂದ ಎತ್ತು ಮುಂದೆ ಬಂತಾ ಅಂತ ನೋಡಿ ಮುಂಗಾರು ಹಿಂಗಾರು ಹೇಳುತ್ತಾರೆ. ಅಂದು ಮಳೆ ಬಿದ್ದಿದ್ದರೆ ಹಿರಿಯರು ಮೊದಲು ದಾರಿ ನೋಡಿಕೊಂಡು ಬರುತ್ತಿದ್ದರು. ಎಲ್ಲಿ ಜಾರುತ್ತದೆ, ಎಲ್ಲಿ ನೀರು ನಿಂತಿದೆ ಅಂತ. ಎತ್ತು ಓಡಿಸುವವನಿಗೆ ಹೇಳುತ್ತಿದ್ದರು. ಟಿಳಕವಾಡಿಯವರು ಮೊದಲ ಎರಡು ರೇಸ್ ನೋಡುವುದೂ ಇದೇ ಕೆಲಸ.

ಪಂಚಾಂಗದಲ್ಲಿ ಪ್ರತಿ ಮಳೆಗೂ ಒಂದು ವಾಹನ ಬರೆದಿರುತ್ತಾರೆ. ಆನೆ, ಕಪ್ಪೆ, ಕುದುರೆ ಹೀಗೆ. ನಾನು ಅದನ್ನು ಶ್ರದ್ಧೆಯಿಂದ ಓದುತ್ತೇನೆ, ಬಿತ್ತನೆಗೆ ಮನಸ್ಸು ತಯಾರಾಗುತ್ತದೆ. ರೇಸ್‌ಗೆ ಮಾತ್ರ ಗಂಟೆ ಗಂಟೆಗೆ ಮೋಡ ನೋಡಬೇಕು. ಪುಣೆಯಲ್ಲಿ ಇರುವ ಗೆಳೆಯರಿಗೆ ಫೋನ್ ಮಾಡಿ ರಾತ್ರಿ ಎಷ್ಟು ಮಳೆ ಬಂತು ಅಂತ ಕೇಳುವುದು ಒಳ್ಳೆಯದು.

ಲಾಳದ ಕೆಲಸದವ, ಜಮಖಂಡಿ

ಒಂದು ವಿಷಯ ಯಾರೂ ಹೇಳಲಿಲ್ಲ. ಆಳವಾದ ಕೆಸರಿನಲ್ಲಿ ಜೋರಾಗಿ ಓಡಿದ ಕುದುರೆ ಮುಂದಿನ ಓಟಕ್ಕೆ ಹೇಗಿರುತ್ತದೆ? ಆ ಓಟ ಸ್ನಾಯುಗಳನ್ನು ಹಿಂಡುತ್ತದೆ, ಕಾಲಿನ ಸ್ನಾಯುರಜ್ಜುಗಳ ಮೇಲೆ ಎಳೆತ ಬೀಳುತ್ತದೆ. ಎರಡು ವಾರದಲ್ಲಿ ಮತ್ತೆ ಇಳಿಸಿದರೆ ಎಷ್ಟೋ ಕುದುರೆ ಅರ್ಧ ಶಕ್ತಿಯಲ್ಲಿ ಓಡುತ್ತವೆ. ಕೆಸರಿನಲ್ಲಿ ದೊಡ್ಡದಾಗಿ ಗೆದ್ದ ಕುದುರೆ ಮುಂದಿನ ಸಲ ಫೇವರಿಟ್ ಆಗಿ ಬರುತ್ತದೆ, ಜನ ಮುಗಿಬೀಳುತ್ತಾರೆ. ನಾನು ಮೊದಲು ಎಷ್ಟು ದಿನ ವಿಶ್ರಾಂತಿ ಸಿಕ್ಕಿದೆ ಅಂತ ನೋಡುತ್ತೇನೆ.

ಮಳೆಗಾಲದಲ್ಲಿ ಗೊರಸು ಸದಾ ಒದ್ದೆ ಇದ್ದು ಮೆತ್ತಗಾಗುತ್ತದೆ, ಒಳಗೆ ಕೀವು ತುಂಬುವುದೂ ಉಂಟು. ಲಾಳ ಸಡಿಲವಾಗುತ್ತದೆ, ಕೆಸರು ಲಾಳವನ್ನೇ ಎಳೆದುಕೊಳ್ಳುತ್ತದೆ. ಸೋತ ಕುದುರೆಯ ವರದಿಯಲ್ಲಿ ಲಾಳ ಬಿದ್ದಿತ್ತು ಅಂತ ಇದ್ದರೆ ಆ ಸೋಲನ್ನು ಲೆಕ್ಕದಿಂದ ತೆಗೆಯಿರಿ. ಕುದುರೆಯ ತಪ್ಪಲ್ಲ ಅದು.

ಟಿಳಕವಾಡಿಯವ

ಇಷ್ಟೆಲ್ಲ ಸೇರಿಸಿ ಒಂದು ರೇಸ್ ಹೇಗೆ ಓದುವುದು ಅಂತ ತೋರಿಸುತ್ತೇನೆ. ಕುದುರೆಗಳು ಕಲ್ಪನೆಯವು.

1400 ಮೀಟರ್ ಹ್ಯಾಂಡಿಕ್ಯಾಪ್, ದಿನದ ನಾಲ್ಕನೇ ರೇಸ್, 10 ಕುದುರೆ. ಮೂರು ದಿನ ಮಳೆ, ಇಂದು ಬೆಳಿಗ್ಗೆಯಿಂದ ತುಂತುರು. ಮೊದಲ ಎರಡು ರೇಸ್ ಎರಡೂ ನಿಧಾನ. ಎರಡರಲ್ಲೂ ಗೆದ್ದ ಜಾಕಿ ಸ್ಟ್ರೇಟ್‌ನ ನಡುವಿಗೆ ಬಂದಿದ್ದಾರೆ, ರೇಲ್ಸ್ ಹಿಡಿದವರು ಹಿಂದೆ ಬಿದ್ದಿದ್ದಾರೆ.

1ನೇ ನಂಬರ್ ಫೇವರಿಟ್. ಮಹಾಲಕ್ಷ್ಮಿಯಲ್ಲಿ 1200 ಮೀಟರ್ ಮುಂದಿದ್ದು ಗೆದ್ದಿದೆ. ಒಳಗಿನ ಗೇಟ್, ಮೇಲಿನ ಭಾರ. ಇಲ್ಲಿ ಅದಕ್ಕೆ ಎಲ್ಲವೂ ವಿರುದ್ಧ: ದೂರ ಜಾಸ್ತಿ, ನೆಲ ಆಳ, ಕೆಟ್ಟ ಪಟ್ಟಿ. ದರ ಕಡಿಮೆ. ಬಿಡುತ್ತೇನೆ. 3ನೇ ನಂಬರ್ ಹೋದ ಮಳೆಗಾಲ ಎರಡನೇ ಸ್ಥಾನ ಬಂದಿದೆ. ಆ ದಿನದ ರೀಡಿಂಗ್ ತೆಗೆದು ನೋಡಿದರೆ ಮೇಲೆ ಮಾತ್ರ ಒದ್ದೆ ಇದ್ದ ದಿನ. ಇಂದಿನ ನೆಲಕ್ಕೆ ಅದು ಸಾಕ್ಷಿ ಆಗುವುದಿಲ್ಲ. 6ನೇ ನಂಬರ್ ಹೋದ ವಾರದ ಹಿಂದಿನ ವಾರ ಕೆಸರಿನಲ್ಲಿ ದೊಡ್ಡದಾಗಿ ಗೆದ್ದಿದೆ. ನೆಲ ಹಿಡಿಸುತ್ತದೆ, ಆದರೆ ವಿಶ್ರಾಂತಿ ಸಾಲದು. ಪ್ಯಾಡಾಕ್ ನೋಡಿ ನಿರ್ಧಾರ. 8ನೇ ನಂಬರ್ 1600 ಮೀಟರ್ ಓಡುವುದು, ಒಣ ನೆಲದಲ್ಲಿ ಕೊನೆಗೆ ವೇಗ ಸಾಲದೆ ನಾಲ್ಕು, ಐದನೇ ಸ್ಥಾನ. ನಡು ಗೇಟ್, ಕಡಿಮೆ ಭಾರ, ಹಿರಿಯ ಜಾಕಿ, ತಾಯಿಯ ಇನ್ನೊಂದು ಮರಿ ಪುಣೆ ಕೆಸರಿನಲ್ಲಿ ಗೆದ್ದಿದೆ. ವೇಗ ಸಾಲದ್ದು ಇಂದು ಅದಕ್ಕೆ ಅಡ್ಡಿ ಅಲ್ಲ, ಯಾಕೆಂದರೆ ಯಾರಿಗೂ ವೇಗ ಇರುವುದಿಲ್ಲ. ಕ್ಯಾಂಟರ್‌ನಲ್ಲಿ ಮೊಣಕಾಲು ಎತ್ತಿ ಧೈರ್ಯವಾಗಿ ಹೋದರೆ ನನ್ನ ಆಯ್ಕೆ ಅದೇ. ವಿನ್‌ಗಿಂತ (ಗೆಲ್ಲುತ್ತದೆ ಅನ್ನುವ ಬಾಜಿ) ಪ್ಲೇಸ್ (ಮೊದಲ ಕೆಲವು ಸ್ಥಾನಗಳಲ್ಲಿ ಬರುತ್ತದೆ ಅನ್ನುವ ಬಾಜಿ) ನೋಡುತ್ತೇನೆ.

ಇಷ್ಟರಲ್ಲಿ ಬಿಸಿಲು ಬಂದು ಮೂರನೇ ರೇಸ್‌ನಲ್ಲಿ ರೇಲ್ಸ್ ಪಕ್ಕದ ಕುದುರೆ ಗೆದ್ದರೆ, ನಾನು ಈ ಪಟ್ಟಿ ಪೂರ್ತಿ ಮತ್ತೆ ಓದುತ್ತೇನೆ. 8ರ ಮೇಲೆ ಪ್ರೀತಿ ಬಂದಿದೆ ಅಂತ ಅದನ್ನು ಹಿಡಿದು ಕೂರುವುದಿಲ್ಲ. ನಾಲ್ಕೂ ಕುದುರೆಗೂ ಒಂದೊಂದು ಸಂಶಯ ಉಳಿದರೆ ಆ ರೇಸ್ ಬಿಡುವುದೇ ಸರಿ.

ಮಲಪ್ರಭಾ ದಂಡೆ

ಈಗ ಅರ್ಥವಾಯಿತು ಅಣ್ಣಾ. ಕೊನೆಯ ಪ್ರಶ್ನೆ. ಮಳೆ ಜಾಸ್ತಿಯಾಗಿ ರೇಸ್ ರದ್ದಾದರೆ? ಮೊದಲ ರೇಸ್‌ನಲ್ಲೇ ಕುದುರೆ ಜಾರಿದರೆ ಮುಂದೆ ನಡೆಸುತ್ತಾರಾ?

ಗುಮ್ಮಟನಗರಿ

ಸ್ಟೀವರ್ಡ್‌ಗಳು (ರೇಸ್ ನಡೆಸುವ ಅಧಿಕಾರಿಗಳು) ಟ್ರ್ಯಾಕ್ ಪರೀಕ್ಷೆ ಮಾಡಿ, ಜಾಕಿಗಳ ಮಾತು ಕೇಳಿ ತೀರ್ಮಾನಿಸುತ್ತಾರೆ. ಅಪಾಯ ಅನ್ನಿಸಿದರೆ ಉಳಿದ ರೇಸ್ ನಿಲ್ಲಿಸುತ್ತಾರೆ. ಅದು ಸರಿಯಾದ ಕ್ರಮ, ಕುದುರೆಗೂ ಜಾಕಿಗೂ ಜೀವ ಮುಖ್ಯ. ರದ್ದಾದ ರೇಸ್‌ನ ಟೋಟ್ (ಕ್ಲಬ್‌ನ ಬಾಜಿ ಕೌಂಟರ್) ಟಿಕೆಟ್ ಹಣ ವಾಪಸ್ ಬರುತ್ತದೆ, ಟಿಕೆಟ್ ಎಸೆಯಬೇಡಿ. ಮಳೆ ನೋಡಿ ಕುದುರೆಯನ್ನು ಹಿಂದಕ್ಕೆ ಪಡೆಯುವುದೂ ಉಂಟು. ಹಾಗೆ ಒಂದೆರಡು ಮುಂದೆ ಓಡುವ ಕುದುರೆ ಹೊರಬಿದ್ದರೆ ಓಟದ ವೇಗವೇ ಬದಲಾಗುತ್ತದೆ. ಆದ್ದರಿಂದ ರೇಸ್‌ಗೆ ಮೊದಲು ಹಿಂದೆ ಸರಿದವರ ಪಟ್ಟಿ ಮತ್ತೊಮ್ಮೆ ನೋಡಿ.

ಟಿಳಕವಾಡಿಯವ

ರವಿವಾರ ಮೊದಲ ಎರಡು ರೇಸ್ ಆದ ಕೂಡಲೇ ಜಾಕಿಗಳು ಯಾವ ಪಟ್ಟಿ ಹಿಡಿದರು, ಟೈಮ್ ಎಷ್ಟು ಹಿಗ್ಗಿತು ಅಂತ ಇಲ್ಲೇ ಬರೆಯುತ್ತೇನೆ. ಗುಮ್ಮಟನಗರಿ ಅವರೇ, ನಿಮ್ಮ ನೋಟ್‌ಬುಕ್‌ನಲ್ಲಿ ಹೋದ ಮಳೆಗಾಲದ 1400 ಮೀಟರ್ ಓಟಗಳಿದ್ದರೆ ಹಾಕಿ. ಜಮಖಂಡಿ ಅಣ್ಣಾ, ಕ್ಯಾಂಟರ್ ವಿಡಿಯೋ ಸಿಕ್ಕರೆ ಕಾಲು ನೋಡಿ ಹೇಳಿ.